ಬಿಚ್ಚಿಟ್ಟ ಹಾಸಿಗೆ

ಹಾಸಿಗೆ ಬಿಚ್ಚಿಕೊಂಡೇ ಬಿದ್ದಿತ್ತು, ಅವಳು ಅದನ್ನು ಮುಟ್ಟುವ ಹಾಗಿರಲಿಲ್ಲ. ಮಗಳ ಕೋಣೆಯ ಬಾಗಿಲಲ್ಲಿ ನಿಂತು, ಕೈಗಳು ಮಾತು ಕೇಳುವುದಿಲ್ಲವೆಂದು ಗೊತ್ತಿದ್ದರಿಂದ ಅವೆರಡನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ನೋಡುತ್ತಿದ್ದಳು. ದಿಂಬು ಗೋಡೆಗೆ ಒರಗಿ ನಿಂತಿದೆ. ಹೊದಿಕೆ ಕುರ್ಚಿಯ ಬೆನ್ನ ಮೇಲೆ ಜೋತುಬಿದ್ದಿದೆ. ಜಿಪ್ಪಿನ ಹೊಸ ಕವಚ ತೊಟ್ಟ ಹಾಸಿಗೆ ಕಿಟಕಿಯ ಬಿಸಿಲಿಗೆ ಮೈಯೊಡ್ಡಿ ನಾಚಿಕೆಯಿಲ್ಲದೆ ಮಲಗಿದೆ. ಇಷ್ಟೆಲ್ಲ ವರ್ಷ ಹೋಟೆಲಿನಲ್ಲಿ ಹಾಸಿಗೆ ಹಾಸಿ, ಆಮೇಲೆ ಹಾಸುವವರನ್ನು ತಿದ್ದಿ, ಈಗ ಎರಡು ಮಹಡಿಯ ಕೋಣೆಗಳಿಗೆಲ್ಲ ಸೂಪರ್‌ವೈಸರ್ ಆಗಿರುವವಳು ಸ್ವಂತ ಮನೆಯಲ್ಲಿ ಬೇಕೆಂದೇ ಇಂಥದ್ದೊಂದನ್ನು ಬಿಟ್ಟಿದ್ದಾಳೆಂದರೆ ಅಲ್ಲಿನ ಹುಡುಗಿಯರು ನಂಬುತ್ತಾರೆಯೇ? ಬಿದ್ದು ಬಿದ್ದು ನಗುತ್ತಾರೆ. ನಗಲಿ. ಮಧ್ಯಾಹ್ನ ಮಗಳು ಬರುತ್ತಾಳೆ, ಊಟ ಮಾಡುತ್ತಾಳೆ, ಈ ಹಾಸಿಗೆಯಲ್ಲಿ ಒಂದು ನಿದ್ದೆ ತೆಗೆಯುತ್ತಾಳೆ. ನೆಟ್ಟಗೆ ಉಸಿರಾಡಿಕೊಂಡು ಎದ್ದರೆ ಅವಳ ಬ್ಯಾಗು ಇಲ್ಲೇ ಉಳಿಯುತ್ತದೆ. ಸೀನಿಕೊಂಡು ಎದ್ದರೆ ಬಂದ ಹಾಗೆಯೇ ಚಿಕ್ಕಮ್ಮನ ಮನೆಗೆ ವಾಪಸ್ಸು. ಹಾಗೆಂದು ಫೋನಿನಲ್ಲಿ ಮಾತಾಗಿದೆ. ಹೆತ್ತ ಮಗಳನ್ನು ಮನೆಗೆ ಕರೆಯುವುದಕ್ಕೂ ಕರಾರು ಮಾಡಿಕೊಳ್ಳಬೇಕಾಗಿ ಬಂತಲ್ಲ ಎಂದು ಅವಳಿಗೆ ಸಿಟ್ಟು ಬಂದಿತ್ತು. ಆದರೂ ಒಪ್ಪಿಕೊಂಡಿದ್ದಳು. ಗೆಲ್ಲುತ್ತೇನೆ ಎಂದು ಗೊತ್ತಿರುವ ಕೆಲಸಕ್ಕೆ ಅವಳು ಎಂದೂ ಹಿಂದೆ ಸರಿದವಳಲ್ಲ.

‘ಎಷ್ಟೊತ್ತು ಕಾವಲು ಕಾಯ್ತೀಯೇ? ಹಾಸಿಗೆ ಎಲ್ಲೂ ಓಡಿಹೋಗಲ್ಲ’ ಅಂದ ಗಂಡ, ಹಜಾರದಿಂದ. ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿರುವ ಅವನಿಗೆ ರಜೆಯ ದಿನ ಬೇರೆ ಯಾರ ಕಾಲವನ್ನೂ ಅಳೆಯಲು ಸಿಗದೆ ಅವಳದ್ದನ್ನೇ ಅಳೆಯುವ ಚಟ.

‘ನೀವು ಸುಮ್ನಿರಿ. ಮೊದಲು ಆ ಪೇಪರ್ ಹೊರಗೆ ಹೋಗಿ ಕೊಡವಿ. ನೆಲದ ಮೇಲೆ ಪುಡಿ ಬೀಳ್ತಿದೆ.’

‘ಸುದ್ದಿ ಬೀಳ್ತಿರಬೇಕು’ ಎಂದು ಅವನು ಎದ್ದು ಹೋದ. ಪಾಪ, ಈ ಕೆಲವು ವಾರಗಳಲ್ಲಿ ಕೊಡವು ಎಂದರೆ ಹೊರಗೆ, ಒರೆಸು ಎಂದರೆ ಒದ್ದೆ ಬಟ್ಟೆಯಲ್ಲಿ ಎನ್ನುವುದನ್ನು ಅವನೂ ಕಲಿತಿದ್ದಾನೆ.

ಹೋಟೆಲಿನಲ್ಲಿ ಹುಡುಗಿಯರು ಅವಳನ್ನು ಬೆನ್ನ ಹಿಂದೆ ಕರ್ಚೀಫ್ ಮೇಡಂ ಅನ್ನುತ್ತಾರೆ, ಅದೂ ಅವಳಿಗೆ ಗೊತ್ತು. ಕೋಣೆ ಸಿದ್ಧವಾಯಿತೆಂದು ಅವರು ಹೇಳಿದ ಮೇಲೆ ಅವಳು ಒಳಗೆ ಹೋಗಿ ಬಾಗಿಲ ಚೌಕಟ್ಟಿನ ಮೇಲೆ, ಮಂಚದ ತಲೆಗಟ್ಟಿನ ಹಿಂದೆ, ದೀಪದ ಬುರುಡೆಯ ಕೆಳಗೆ ಬಿಳಿ ಕರ್ಚೀಫು ಎಳೆದು, ಏನೂ ಮಾತಾಡದೆ ಬಿಡಿಸಿ ತೋರಿಸುತ್ತಾಳೆ. ಬಯ್ಯುವುದಿಲ್ಲ, ಬಯ್ದರೆ ಎಷ್ಟೋ ವಾಸಿ ಅನ್ನಿಸುವ ಹಾಗೆ ತೋರಿಸುತ್ತಾಳೆ. ಹಾಸಿಗೆಯ ವಿಷಯದಲ್ಲಂತೂ ಅವಳದ್ದು ಎತ್ತಿದ ಕೈ. ಗೆಸ್ಟ್ ಎದ್ದು ಹೊರಗೆ ಹೋದ ತಕ್ಷಣ, ಬಟ್ಟೆಯ ಬಿಸಿ ಆರುವ ಮೊದಲೇ ಹಿಡಿದು ಎಳೆಯಬೇಕು, ಆಗಲೇ ಸುಕ್ಕು ಬಿಡುವುದು. ಮೂಲೆಯನ್ನು ಲಕೋಟೆಯ ಬಾಯಿಯ ಹಾಗೆ ಮಡಚಿ ಹಾಸಿಗೆಯ ಅಡಿಗೆ ಸಿಕ್ಕಿಸಬೇಕು. ಮೇಲೆ ಭಾರದ ಹೊದಿಕೆ. ಅಂಗೈ ಸವರಿದರೆ ಗಾಜು ಸವರಿದ ಹಾಗಿರಬೇಕು. ಅಲ್ಲಿ ಒಬ್ಬ ಮನುಷ್ಯ ಮಲಗಿದ್ದ, ಹೊರಳಿದ್ದ, ಬೆವರಿದ್ದ ಎಂಬುದಕ್ಕೆ ಒಂದು ಗುರುತೂ ಉಳಿಯಬಾರದು. ಅದೇ ವಿದ್ಯೆಯನ್ನು ಅವಳು ಮನೆಗೂ ತಂದಿದ್ದಳು, ಯಾಕೆ ತರಬಾರದು? ಮಗಳು ಹಲ್ಲುಜ್ಜಲು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಹಾಸಿಗೆ ಗಾಜಾಗಿರುತ್ತಿತ್ತು. ಒಂದು ಸಲ ಮಗಳ ಗೆಳತಿಯರು ಬಂದಿದ್ದಾಗ, ಮಗಳು ತಾನೇ ಹಾಸಿ ಹೆಮ್ಮೆಯಿಂದ ತೋರಿಸಿದ್ದ ಹಾಸಿಗೆಯ ಮೂಲೆಯೊಂದು ಸಡಿಲವಾಗಿದ್ದದ್ದು ಕಣ್ಣಿಗೆ ಬಿದ್ದು, ನಗುನಗುತ್ತಲೇ ಪೂರ್ತಿ ಕಿತ್ತು ಮತ್ತೆ ಹಾಸಿದ್ದಳು. ಹುಡುಗಿಯರೆಲ್ಲ ಎದ್ದು ಗೋಡೆಗೆ ಅಂಟಿ ನಿಂತರು. ಮಗಳು ಏನೋ ಹೇಳಲು ಬಾಯಿ ತೆರೆದವಳು ಸೀನಿದಳು. ಒಂದು, ಎರಡು, ಮೂರು, ನಿಲ್ಲಲೇ ಇಲ್ಲ. ‘ನಮ್ಮ ಸೀನಪ್ಪ ಶುರುಮಾಡಿದ’ ಎಂದು ಗಂಡ ಆಚೆಯಿಂದ ಕೂಗಿದ್ದಕ್ಕೆ ಎಲ್ಲರೂ ನಕ್ಕರು, ಅವಳೂ ನಕ್ಕಳು, ಮಗಳ ಕಣ್ಣಲ್ಲಿ ನೀರಿತ್ತು. ಅದು ಸೀನಿನದ್ದೇ ಎಂದು ಆಗ ಅನುಮಾನವೇ ಬಂದಿರಲಿಲ್ಲ.

ಸೀನಿಗೆ ಅವಳು ಮಾಡದ ಉಪಾಯವಿಲ್ಲ. ಸೀನು ಬಂತೋ, ಇನ್ನಷ್ಟು ಗುಡಿಸು. ಮತ್ತೂ ಬಂತೋ, ಹೂವಿನ ವಾಸನೆಯ ಸ್ಪ್ರೇ ಹೊಡೆ. ದಿಂಬನ್ನು ಎರಡೂ ಕೆನ್ನೆಗೆ ತಟ್ಟಿ ತಟ್ಟಿ ಉಬ್ಬಿಸು. ಕಿಟಕಿ ತೆರೆದರೆ ರಸ್ತೆಯ ಧೂಳು ಬರುತ್ತದೆಂದು ಕಿಟಕಿ ಮುಚ್ಚಿ, ಅದರ ಮೇಲೆ ದಪ್ಪನೆಯ ಪರದೆ ಎಳೆ. ಮೋಡದ ದಿನ ಒಗೆದ ಬಟ್ಟೆಯನ್ನು ಅದೇ ಕೋಣೆಯಲ್ಲಿ ಹಗ್ಗ ಕಟ್ಟಿ ಒಣಗಿಸು. ಎಷ್ಟು ಚೊಕ್ಕಟ ಮಾಡಿದರೂ ಮಗಳ ಮೂಗು ಅಷ್ಟಷ್ಟು ಕೆಂಪಾಗುತ್ತಿತ್ತು, ರಾತ್ರಿಯೆಲ್ಲ ಬಾಯಲ್ಲಿ ಉಸಿರಾಡಿ ಬೆಳಿಗ್ಗೆ ತುಟಿ ಒಣಗಿಸಿಕೊಂಡು ಏಳುತ್ತಿದ್ದಳು. ಕೊನೆಗೆ ಆ ಬೆಳಿಗ್ಗೆ. ಇನ್ನು ಇದನ್ನು ಬಿಟ್ಟರೆ ಆಗದು ಎಂದು ಅವಳು ಸೆರಗು ಕಟ್ಟಿ, ಕೋಲು ತಗೊಂಡು ಹಾಸಿಗೆಯನ್ನು ಅಲ್ಲೇ ಮಂಚದ ಮೇಲೆ ನಿಲ್ಲಿಸಿ ಬಡಿಯತೊಡಗಿದಳು. ಬಡಿಯುವ ಮುನ್ನ ಬಾಗಿಲು ಹಾಕಿಕೊಂಡಳು. ಬೇರೆ ಯಾರಾದರೂ ಆಗಿದ್ದರೆ ಮಹಡಿಗೆ ಹೊತ್ತುಕೊಂಡು ಹೋಗುತ್ತಿದ್ದರೇನೋ; ಆದರೆ ಹೋಟೆಲಿನಲ್ಲಿ ಧೂಳಿನ ಕೆಲಸವನ್ನು ಕಾರಿಡಾರಿನಲ್ಲಿ, ಗೆಸ್ಟ್‌ಗಳ ಕಣ್ಣೆದುರು ಮಾಡುವಂತಿಲ್ಲ, ಬಾಗಿಲು ಹಾಕಿಯೇ ಮಾಡಬೇಕು. ಕೈಗೆ ಬಂದದ್ದು ಆ ಅಭ್ಯಾಸ. ಪುಸ್ತಕ ಹುಡುಕುತ್ತಾ ಮಗಳು ಒಳಗೇ ಇದ್ದಾಳೆಂಬುದು ಗೊತ್ತಿತ್ತು; ಗೊತ್ತಿದ್ದೂ, ಇದು ಅವಳ ಒಳ್ಳೆಯದಕ್ಕೇ ಅಲ್ಲವೇ ಎಂದು ಬಡಿದಳು. ತಿರುಗಿ ನೋಡಿದಾಗ ಮಗಳು ಮೇಜಿನ ಅಂಚು ಹಿಡಿದು, ಎದೆಯಲ್ಲಿ ಸೀಟಿ ಊದಿಸಿಕೊಂಡು, ಬಾಯಿ ತೆರೆದು ಗಾಳಿಯನ್ನು ಹುಡುಕುತ್ತಿದ್ದಳು. ಅವಳು ಕೋಲು ಬಿಸಾಡಿ ಬಾಗಿಲು ತೆರೆದಳು. ಆಸ್ಪತ್ರೆಯಲ್ಲಿ ಮೂಗಿಗೆ ಮದ್ದಿನ ಹಬೆ ಕೊಟ್ಟು ಸರಿಮಾಡಿದರು. ಹೊರಗೆ ಬರುವಾಗ ಮಗಳು ತಾಯಿಯ ಮುಖ ನೋಡದೆ ‘ಎರಡು ದಿನ ಚಿಕ್ಕಮ್ಮನ ಮನೇಲಿರ್ತೀನಿ’ ಅಂದಳು. ಆ ಎರಡು ದಿನ ಮುಗಿಯಲೇ ಇಲ್ಲ.

ತಂಗಿಯ ಮನೆ! ಅವಳ ತಂಗಿ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ದಿನವಿಡೀ ಹೆದರಿದವರ ಪಕ್ಕ ಕೂತು ಕೂತು ಅವಳಿಗೆ ಲೋಕದಲ್ಲಿ ಇನ್ನು ಯಾವುದರ ಹೆದರಿಕೆಯೂ ಉಳಿದಿರಲಿಲ್ಲ, ಕೊಳೆಯದ್ದಂತೂ ಮೊದಲೇ ಇರಲಿಲ್ಲ. ಮಗಳನ್ನು ನೋಡಲು ಹೋದಾಗ ಬಾಗಿಲಲ್ಲೇ ಎಡವಿದ್ದು ಹೆಲ್ಮೆಟ್ಟಿಗೆ. ಸಿಂಕಿನಲ್ಲಿ ನಿನ್ನೆಯ ಲೋಟ, ಕುರ್ಚಿಯ ಮೇಲೆ ಬಟ್ಟೆಯ ಗುಡ್ಡೆ, ಕಿಟಕಿಗಳಿಗೆ ಪರದೆಯೆಂಬುದೇ ಇಲ್ಲ, ಗಾಳಿ ಈ ಕಡೆಯಿಂದ ಬಂದು ಆ ಕಡೆಯಿಂದ ಹೋಗುತ್ತಿದೆ. ಕಬ್ಬಿಣದ ಮಂಚದ ಮೇಲೆ ತೆಳ್ಳನೆಯ ಹಾಸಿಗೆ, ಅದರ ಮೇಲಿನ ಬಟ್ಟೆ ಒಂದು ಮೂಲೆಗೆ ಮುದ್ದೆಯಾಗಿದೆ. ಆ ಮುದ್ದೆಯ ಪಕ್ಕ ಅವಳ ಮಗಳು ಹಾಡುಹಗಲೇ ಅಡ್ಡಾದಿಡ್ಡಿ ಬಿದ್ದುಕೊಂಡು, ಬಾಯಿ ಮುಚ್ಚಿ, ಮೂಗಿನಲ್ಲಿ, ಹೌದು, ಮೂಗಿನಲ್ಲೇ ಉಸಿರಾಡುತ್ತಾ ನಿದ್ದೆ ಮಾಡುತ್ತಿದ್ದಳು. ಎಷ್ಟೋ ವರ್ಷಗಳಿಂದ ಕಾಣದ ಆ ಮುಚ್ಚಿದ ಬಾಯನ್ನು ನೋಡಿ ಅವಳಿಗೆ ಸಂತೋಷವಾಗಬೇಕಿತ್ತು. ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು. ‘ಬಂದಾಗಿನಿಂದ ಒಂದೂ ಸೀನಿಲ್ಲ ಕಣಕ್ಕಾ’ ಅಂದಳು ತಂಗಿ, ಹಲ್ಲು ಬಿಟ್ಟುಕೊಂಡು, ‘ನನ್ನ ಮನೆ ಗಾಳಿ ಅಂದ್ರೆ ಸುಮ್ನೇನಾ!’ ತಮಾಷೆಗೇ ಅಂದದ್ದು. ಬಸ್ಸಿನಲ್ಲಿ ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಅವಳು ಒಂದೇ ಲೆಕ್ಕ ಹಾಕಿದಳು: ಅಲ್ಲಿ ಧೂಳಿದೆ, ಕಸವಿದೆ, ಸೀನಿಲ್ಲ. ಇಲ್ಲಿ ಧೂಳಿಲ್ಲ, ಕಸವಿಲ್ಲ, ಸೀನಿದೆ. ಅಲ್ಲಿಲ್ಲದೆ ಇಲ್ಲಿರುವುದು ಯಾವುದು? ತಾನು.

ಅದಕ್ಕೇ, ಮಗಳ ಸೀನಿನ ಪರೀಕ್ಷೆಗೆಂದು ಆಸ್ಪತ್ರೆಯವರು ಕರೆಸಿದ ದಿನ ಅವಳು ಡಾಕ್ಟರ ಎದುರು ಕೂತಾಗ ಜಗಳಕ್ಕೆ ಸಿದ್ಧವಾಗಿಯೇ ಕೂತಿದ್ದಳು. ಮಗಳ ಮುಂಗೈಯ ಒಳಬದಿಯಲ್ಲಿ ಸಾಲಾಗಿ ಹನಿಗಳನ್ನಿಟ್ಟು ಸೂಜಿಯ ಮೊನೆ ತಾಗಿಸಿದ್ದರು. ಬೆಕ್ಕಿನ ಕೂದಲು, ಪರಾಗ, ಬೂಷ್ಟು ಇವುಗಳ ಹನಿಗಳೆಲ್ಲ ಸುಮ್ಮನಿದ್ದವು, ಒಂದು ಹನಿ ಮಾತ್ರ ಸೊಳ್ಳೆ ಕಚ್ಚಿದ ಹಾಗೆ ಉಬ್ಬಿ ಕೆಂಪಾಗಿತ್ತು.

‘ಧೂಳುಹುಳು’ ಅಂದರು ಡಾಕ್ಟರು. ಅವಳಿಗಿಂತ ಸಣ್ಣ ವಯಸ್ಸಿನ ಹೆಂಗಸು, ಮಾತಿನಲ್ಲಿ ಅವಸರವಿಲ್ಲ.

‘ನಮ್ಮ ಮನೇಲಿ ಹುಳು ಇಲ್ಲ’ ಅಂದಳು ಅವಳು.

‘ನಮ್ಮ ಮನೇಲೂ ಇದೆ. ಎಲ್ಲರ ಮನೇಲೂ ಇರುತ್ತೆ. ಕಣ್ಣಿಗೆ ಕಾಣಲ್ಲ. ನಮ್ಮ ಮೈಯಿಂದ ಉದುರೋ ಚರ್ಮದ ಪುಡಿ ಅದಕ್ಕೆ ಊಟ. ಹಾಸಿಗೆ, ದಿಂಬು, ಕಾರ್ಪೆಟ್ಟು, ದಪ್ಪ ಪರದೆ, ಗೊಂಬೆ ಇಂಥ ಮೆತ್ತನೆ ಜಾಗ ಬೇಕು, ಸ್ವಲ್ಪ ಪಸೆ ಬೇಕು. ಕೊಳೆಗೂ ಇದಕ್ಕೂ ಸಂಬಂಧ ಕಡಿಮೆ. ಅದರ ಹಿಕ್ಕೆ ಗಾಳೀಲಿ ಎದ್ದು ಮೂಗಿಗೆ ಹೋಗುತ್ತಲ್ಲ, ಅದು ಇವಳಿಗೆ ಆಗಿಬರಲ್ಲ. ಅಲರ್ಜಿ ಅಂದ್ರೆ ಇಷ್ಟೇ, ಆಗಿಬರದೆ ಇರೋದು. ಅಂದಹಾಗೆ ಬೆಳಿಗ್ಗೆ ಹಾಸಿಗೆ ಯಾವಾಗ ಸರಿ ಮಾಡ್ತೀರಿ?’

ಕೊನೆಗೂ ತನಗೆ ಗೊತ್ತಿರುವ ಪ್ರಶ್ನೆ ಬಂತೆಂದು ಅವಳು ಬೆನ್ನು ನೆಟ್ಟಗೆ ಮಾಡಿ ಕೂತು, ‘ಎದ್ದ ತಕ್ಷಣ. ಬಿಸಿ ಆರೋ ಮೊದಲೇ’ ಅಂದಳು.

‘ಅದೇ ನೋಡಿ’ ಅಂದರು ಡಾಕ್ಟರು. ‘ರಾತ್ರಿಯ ಬೆವರು, ಶಾಖ ಎರಡನ್ನೂ ಒಳಗಿಟ್ಟು ಬಿಗಿಯಾಗಿ ಮುಚ್ಚಿಬಿಟ್ಟರೆ ಅವಕ್ಕೆ ಹಬ್ಬ. ಬಿಚ್ಚಿಡಿ. ಗಾಳಿಯಾಡಲಿ.’

ಮಗಳು ತಲೆ ತಗ್ಗಿಸಿ ತೋಳಿನ ಉಬ್ಬನ್ನು ನೋಡಿಕೊಳ್ಳುತ್ತಿದ್ದಳು. ನಗು ತಡೆದುಕೊಳ್ಳುತ್ತಿದ್ದಾಳೋ, ಅಮ್ಮನ ಮುಖ ನೋಡಲಾರದೆ ಹಾಗೆ ಮಾಡುತ್ತಿದ್ದಾಳೋ ತಿಳಿಯಲಿಲ್ಲ. ಡಾಕ್ಟರು ಸ್ಪ್ರೇ ಬೇಡ ಅಂದರು, ಆ ವಾಸನೆ ಕೆರಳಿದ ಮೂಗನ್ನು ಇನ್ನೂ ಕೆರಳಿಸುತ್ತದಂತೆ. ಒಣ ಪೊರಕೆ ಬೇಡ, ಹಾಸಿಗೆ ಬಡಿಯುವುದಂತೂ ಬೇಡವೇ ಬೇಡ ಅಂದರು. ಅವಳ ಮರ್ಯಾದೆಯನ್ನು ಒಂದೊಂದೇ ಮಡಿಕೆ ಬಿಚ್ಚಿ ಮೇಜಿನ ಮೇಲೆ ಹರಡಿದ ಹಾಗಿತ್ತು. ಆದರೆ ಅವಳನ್ನು ಹಿಡಿದುಕೊಂಡದ್ದು ಅದ್ಯಾವುದೂ ಅಲ್ಲ, ಆ ಒಂದು ಮಾತು. ಆಗಿಬರಲ್ಲ. ಅತ್ತೆಗೂ ಸೊಸೆಗೂ ಆಗಿಬರಲ್ಲ ಅನ್ನುತ್ತಾರೆ, ಪಕ್ಕದ ಮನೆಯವರಿಗೂ ನಮಗೂ ಆಗಿಬರಲ್ಲ ಅನ್ನುತ್ತಾರೆ. ಅಲ್ಲೆಲ್ಲ ಯಾವ ಹುಳು ಇರುತ್ತದೆ?

ಹಾಗೆಂದು ಅವಳು ಕೊರಗುತ್ತಾ ಕೂರುವ ಪೈಕಿಯಲ್ಲ. ತಾನು ಇಷ್ಟು ವರ್ಷ ತಪ್ಪು ಶತ್ರುವಿನ ಮೇಲೆ ಯುದ್ಧ ಮಾಡಿದ್ದೆನೇ ಹೊರತು ಯುದ್ಧ ಮರೆತಿಲ್ಲ ಎಂದುಕೊಂಡಳು. ಕಾರ್ಪೆಟ್ಟು ಸುರುಳಿಯಾಗಿ ಗಂಡನ ಹೆಗಲೇರಿ ಹೊರಗೆ ಹೋಯಿತು. ಕೆಳಗಿನ ತಂಪು ನೆಲ ಎಷ್ಟೋ ವರ್ಷಗಳ ಮೇಲೆ ಕಾಲಿಗೆ ಸಿಕ್ಕಿತು. ದಪ್ಪ ಪರದೆ ಇಳಿದು, ಒಗೆಯಲು ಬರುವ ತೆಳ್ಳನೆಯ ಬಟ್ಟೆ ಬಂತು. ಹಳೆಯ ದಿಂಬನ್ನು ಎಸೆದಳು. ಹೊಸ ದಿಂಬಿಗೂ ಹಾಸಿಗೆಗೂ ಒತ್ತು ನೇಯ್ಗೆಯ ಕವಚ ತೊಡಿಸಿ ಜಿಪ್ಪು ಎಳೆದಾಗ, ಒಳಗಿನ ಹುಳುಗಳಿಗೆ ಕೇಳಲಿ ಎಂಬಂತೆ ‘ಇನ್ನು ಅಲ್ಲೇ ಇರಿ’ ಎಂದು ಗಟ್ಟಿಯಾಗಿಯೇ ಅಂದಳು. ವಾರಕ್ಕೊಮ್ಮೆ ಹಾಸಿಗೆಯ ಬಟ್ಟೆಯನ್ನೆಲ್ಲ ಕೈಯಿಡಲಾಗದಷ್ಟು ಬಿಸಿನೀರಿನಲ್ಲಿ ಮುಳುಗಿಸಿ, ಮಹಡಿಯ ಬಿಸಿಲಿನಲ್ಲಿ ಕಟಕಟ ಅನ್ನುವ ಹಾಗೆ ಒಣಗಿಸಿದಳು. ಮಗಳು ಚಿಕ್ಕಂದಿನಿಂದ ಅಪ್ಪಿಕೊಂಡು ಮಲಗುತ್ತಿದ್ದ ಒಂದು ಕಿವಿಯ ಮೊಲವನ್ನು ಮಾತ್ರ ಎಸೆಯಲು ಮನಸ್ಸು ಬರದೆ ಅದನ್ನೂ ಬಟ್ಟೆಯ ಜೊತೆ ಕುದಿಸಿದಳು. ಅದು ಇನ್ನಷ್ಟು ಕುರೂಪಿಯಾಗಿ, ಆದರೆ ಶುದ್ಧವಾಗಿ ಈಗ ಗಾಜಿನ ಬಾಗಿಲಿನ ಕಪಾಟಿನಲ್ಲಿ ಕೂತಿದೆ. ಇದೆಲ್ಲ ಅವಳಿಗೆ ಲೀಲಾಜಾಲ. ಕಷ್ಟವಾದದ್ದು ಏನೂ ಮಾಡದೆ ಇರುವುದು. ಪ್ರತಿದಿನ ಬೆಳಿಗ್ಗೆ ತಾನೂ ಗಂಡನೂ ಮಲಗಿದ್ದ ಹಾಸಿಗೆಯ ಹೊದಿಕೆಯನ್ನು ಕಾಲ ಕಡೆಗೆ ಸರಿಸಿ, ಕಿಟಕಿ ತೆರೆದು, ಸುಕ್ಕಿನ ಕಡೆಗೆ ಬೆನ್ನು ಹಾಕಿ ಕೆಲಸಕ್ಕೆ ಹೊರಡುವುದು. ಬಸ್ಸಿನಲ್ಲಿ ಕೂತ ಮೇಲೂ ಆ ಸುಕ್ಕು ಬೆನ್ನಿಗೆ ಒತ್ತುತ್ತಿತ್ತು.

ಹೊರಗೆ ಕಾರಿನ ಸದ್ದಾಯಿತು. ಮುಂದೆ ಹಿಂದೆ ಕೆಂಪಕ್ಷರದ ಎಲ್ ಬೋರ್ಡು ಹಾಕಿಕೊಂಡ ಡ್ರೈವಿಂಗ್ ಸ್ಕೂಲಿನ ಕಾರನ್ನು ಮಗಳೇ ನಡೆಸಿಕೊಂಡು ಬಂದಿದ್ದಳು. ತಂಗಿ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿಕೊಂಡಿದ್ದಳು. ‘ನಂಬಿಕೆ ಕಣಕ್ಕಾ, ಇದಕ್ಕೆ ನಂಬಿಕೆ ಅಂತಾರೆ’ ಎಂದು ಇಳಿದಳು. ಮಗಳ ಮುಖ ತುಂಬಿಕೊಂಡಿತ್ತು, ಕಣ್ಣ ಕೆಳಗಿನ ಕಪ್ಪು ಹೋಗಿತ್ತು, ಕೈಯಲ್ಲಿ ಬ್ಯಾಗಿತ್ತು. ಆ ಬ್ಯಾಗನ್ನು ಮಗಳು ಒಳಗೆ ತಂದು ಕೋಣೆಗೆ ಒಯ್ಯಲಿಲ್ಲ. ಬಾಗಿಲ ಪಕ್ಕ, ಎತ್ತಿಕೊಳ್ಳಲು ಸುಲಭವಾಗುವ ಹಾಗೆ ಇಟ್ಟಳು. ಅದನ್ನು ನೋಡಿಯೂ ನೋಡದವಳಂತೆ ಅವಳು ಬಡಿಸಿದಳು. ಊಟದ ಉದ್ದಕ್ಕೂ ತಂಗಿಯೇ ಮಾತಾಡಿದಳು. ಪರದೆ ನೋಡಿ ‘ಅಯ್ಯೋ, ಕಿಟಕಿಯಿಂದ ರಸ್ತೆ ಕಾಣುತ್ತಲ್ಲ ಅಕ್ಕ’ ಅಂದಳು, ಕೋಣೆಗೆ ಇಣುಕಿ, ‘ಇದೇನು, ನನ್ನ ಮನೆಗೇ ಬಂದ ಹಾಗಾಯ್ತು!’ ಎಂದು ಕೂಗಿದಳು. ಅವಳು ಹಲ್ಲು ಕಚ್ಚಿ ನಕ್ಕಳು. ಮಗಳು ಮಾತ್ರ ಬಾಗಿಲಲ್ಲಿ ನಿಂತು, ಬಿಚ್ಚಿಟ್ಟ ಹಾಸಿಗೆಯನ್ನೂ ಅಮ್ಮನ ಕೈಗಳನ್ನೂ ಒಂದಾದ ಮೇಲೆ ಒಂದು ನೋಡಿದಳು. ಆಮೇಲೆ ಕುರ್ಚಿಯ ಮೇಲಿನ ಹೊದಿಕೆಯನ್ನು ತಾನೇ ಎಳೆದುಕೊಂಡು, ಒಂದು ಮೂಲೆಯನ್ನೂ ಮಡಚದೆ ಹರವಿಕೊಂಡು ಮಲಗಿದಳು.

ಕಾಯುವುದೆಂದರೆ ಕಿವಿಯೇ ಮೈಯೆಲ್ಲ ಆಗುವುದು. ಅವಳು ಅಡುಗೆಮನೆಯಲ್ಲಿ ತಟ್ಟೆ ತೊಳೆಯುವ ನೆಪದಲ್ಲಿ ನಲ್ಲಿಯನ್ನು ಸಣ್ಣಗೆ ಬಿಟ್ಟು, ನೀರಿನ ಸದ್ದಿನ ಆಚೆಗೆ ಕಿವಿ ಕೊಟ್ಟಳು. ಗಂಡನೂ ತಂಗಿಯೂ ಹಜಾರದಲ್ಲಿ ಪಿಸುಮಾತಿಗೆ ಇಳಿದಿದ್ದರು. ಇದೆಲ್ಲ ಫಲ ಕೊಡುತ್ತದೆ, ಕೊಡಲೇಬೇಕು, ಮಾಡಿದವಳು ನಾನು ಎಂದು ಅವಳ ಮನಸ್ಸಿನ ಒಂದು ಭಾಗ ಗಟ್ಟಿಯಾಗಿ ಹೇಳುತ್ತಿತ್ತು. ಇನ್ನೊಂದು ಭಾಗಕ್ಕೆ ಒಂದು ವಿಚಿತ್ರ ಹೆದರಿಕೆ. ಮಗಳು ಸೀನಿದರೆ ತಾನು ಸೋತ ಹಾಗೆ, ಸರಿ. ಸೀನದೆಯೂ ಬಾಗಿಲ ಪಕ್ಕದ ಬ್ಯಾಗನ್ನು ಎತ್ತಿಕೊಂಡರೆ? ಆಗ ಯಾವ ಕವಚ ತೊಡಿಸುವುದು, ಯಾವ ಬಿಸಿನೀರಿಗೆ ಹಾಕುವುದು? ಅಷ್ಟರಲ್ಲಿ ಬಂತು ನೋಡಿ. ಒಂದು ಸೀನು, ಚಿಕ್ಕದು, ಸ್ಪಷ್ಟವಾದದ್ದು. ಕೈಯಲ್ಲಿದ್ದ ತಟ್ಟೆ ಕೈಯಲ್ಲೇ ನಿಂತಿತು. ಹಜಾರದ ಪಿಸುಮಾತೂ ನಿಂತಿತು. ಮೂವರೂ ಎರಡನೆಯದಕ್ಕೆ ಕಾದರು. ಮಗಳ ಸೀನು ಯಾವತ್ತೂ ಒಂಟಿಯಾಗಿ ಬಂದದ್ದಿಲ್ಲ.

ಎರಡನೆಯದು ಬರಲಿಲ್ಲ. ‘ಏನಿಲ್ಲಪ್ಪಾ, ಕೂದಲು ಮೂಗಿಗೆ ಹೋಯ್ತು! ಮಾಮೂಲಿ ಸೀನು!’ ಎಂದು ಒಳಗಿನಿಂದ ನಿದ್ದೆಗಣ್ಣಿನ ಧ್ವನಿ ಕೂಗಿತು. ಹಜಾರದಲ್ಲಿ ಗಂಡ ಹೋ ಎಂದು ನಕ್ಕ. ಅವಳಿಗೆ ನಗು ಬರಲಿಲ್ಲ, ನಲ್ಲಿ ನಿಲ್ಲಿಸಿ ಸಿಂಕಿಗೆ ಒರಗಿ ನಿಂತಳು. ಎಲ್ಲರಿಗೂ ಬರುವಂಥ, ಯಾರೂ ಲೆಕ್ಕಕ್ಕಿಡದಂಥ ಒಂದು ಸೀನನ್ನು ಮಗಳು ಈ ಮನೆಯಲ್ಲಿ ಸೀನಿದ್ದಳು. ಆಮೇಲೆ ಸದ್ದಿಲ್ಲ. ಬಿಸಿಲು ಅಡುಗೆಮನೆಯ ನೆಲದಿಂದ ಗೋಡೆಗೆ ಹತ್ತಿತು, ತಂಗಿ ಕೂತಲ್ಲೇ ಗೊರಕೆ ಹೊಡೆದು ಎದ್ದಳು, ಗಂಡ ಚಹಾ ಮಾಡಿದ. ಕೊನೆಗೆ ‘ಅಮ್ಮಾ’ ಎಂದು ಕೋಣೆಯಿಂದ ಕರೆ ಬಂತು.

ಮಗಳು ಎದ್ದು ಗೋಡೆಗೆ ಒರಗಿ ಕೂತಿದ್ದಳು. ಬಾಯಿ ಮುಚ್ಚಿತ್ತು, ಮೂಗು ಮೂಗಿನ ಬಣ್ಣದಲ್ಲೇ ಇತ್ತು. ಸುತ್ತ ಬಟ್ಟೆಯೆಲ್ಲ ಮುದ್ದೆ. ಅವಳು ಮಂಚದ ಪಕ್ಕ ಬಂದು ನಿಂತು, ಏನೇನೋ ಕೇಳಬೇಕೆಂದು ಜೋಡಿಸಿಕೊಂಡಿದ್ದೆಲ್ಲ ಮರೆತು, ಬಾಯಿಗೆ ಬಂದದ್ದನ್ನೇ ಕೇಳಿಬಿಟ್ಟಳು:

‘ನಿಜ ಹೇಳು. ನಿಂಗೆ ಧೂಳು ಆಗಿಬರ್ತಿರ್ಲಿಲ್ವೋ, ನಾನು ಆಗಿಬರ್ತಿರ್ಲಿಲ್ವೋ?’

ಇಲ್ಲ ಅಮ್ಮ, ಏನು ಮಾತಾಡ್ತೀಯ ಎಂದು ಮಗಳು ಹೇಳಬಹುದಿತ್ತು. ಹೇಳಲಿಲ್ಲ.

‘ಎರಡೂ’ ಅಂದಳು. ‘ನಾನು ಬಚ್ಚಲಿಂದ ಬರೋಷ್ಟರಲ್ಲಿ ನೀನು ಹಾಸಿಗೆ ಬಿಗಿದಿಟ್ಟಿರ್ತಿದ್ದೆ. ನಾನು ಅಲ್ಲಿ ಮಲಗೇ ಇರ್ಲಿಲ್ಲ ಅನ್ನೋ ಹಾಗೆ. ದಿನಾ ಬೆಳಿಗ್ಗೆ ನಾನು ರೂಮ್ ಖಾಲಿ ಮಾಡಿ ಹೋದ ಹಾಗೆ ಆಗೋದು.’

ಹೋಟೆಲಿನ ಕೆಲಸದಲ್ಲಿ ಅವಳಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಅದನ್ನೇ ಮಗಳು ಕಣ್ಣಲ್ಲಿ ನೀರು ತುಂಬಿಕೊಂಡು ಹೇಳುತ್ತಿದ್ದಾಳೆ, ಈ ಸಲ ಆ ನೀರು ಸೀನಿನದ್ದಲ್ಲ.

‘ಮೊದಲೇ ಹೇಳಬಾರದಾಗಿತ್ತೇನೇ?’

‘ಹೇಳೋಕೆ ಬಾಯಿ ತೆರೆದ್ರೆ ಸೀನು ಬರ್ತಿತ್ತಲ್ಲಮ್ಮಾ!’

ಇಬ್ಬರಿಗೂ ಒಟ್ಟಿಗೇ ನಗು ಬಂತು. ಅಳುವಿನ ಅಂಚಿನಲ್ಲೇ ಇದ್ದ ನಗು, ಆದರೆ ನಗುವೇ. ಹಜಾರದಿಂದ ತಂಗಿ ಕೂಗಿದಳು: ‘ಏನ್ರೇ ಅದು? ಬ್ಯಾಗು ಒಳಗಿಡ್ಲೋ, ಕಾರಿಗೆ ಹಾಕ್ಲೋ?’

ಮಗಳು ಅಮ್ಮನ ಮುಖ ನೋಡಿದಳು. ಏನೂ ಹೇಳಬಾರದೆಂದು ಅವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ‘ಒಳಗಿಡಿ ಚಿಕ್ಕಮ್ಮಾ’ ಎಂದು ಮಗಳು ಕೂಗಿ, ಆಮೇಲೆ ಧ್ವನಿ ತಗ್ಗಿಸಿ, ‘ಯಾಕೆ ನಿಂತೇ ಇದ್ದೀಯ? ಕೂತ್ಕೋ’ ಅಂದಳು.

ಎಲ್ಲಿ ಎಂದು ಅವಳು ಸುತ್ತ ನೋಡಿದಳು. ಕುರ್ಚಿ ದೂರದಲ್ಲಿತ್ತು. ಹೋಟೆಲಿನಲ್ಲಿ ಹಾಸಿಗೆಯ ಮೇಲೆ ಕೂತ ಹುಡುಗಿಯನ್ನು ಅವಳು ಅದೇ ದಿನ ಮನೆಗೆ ಕಳಿಸುತ್ತಾಳೆ. ತಾನಂತೂ ಅಷ್ಟು ವರ್ಷಗಳಲ್ಲಿ ಎಂಥ ಕಾಲುನೋವಿನಲ್ಲೂ ಒಂದು ಹಾಸಿಗೆಯ ಅಂಚಿಗೂ ಮೈ ತಾಗಿಸಿದವಳಲ್ಲ. ಈ ಮನೆಯಲ್ಲಿ, ಮಗಳು ದೊಡ್ಡವಳಾದ ಮೇಲೆ, ಈ ಮಂಚದ ಮೇಲೆ ತಾನು ಒಂದು ಸಲವೂ ಕೂತಿಲ್ಲವೆಂಬುದು ಅವಳಿಗೆ ಈಗ ಹೊಳೆಯಿತು. ಸೀರೆ ಸರಿಮಾಡಿಕೊಂಡು, ಕೆಲಸಕ್ಕೆ ಹೊಸದಾಗಿ ಸೇರಿದವಳ ಹಾಗೆ ಅಂಚಿನಲ್ಲಿ ಕೂತಳು. ಮಗಳ ಮೈಯ ಬಿಸಿ ಬಟ್ಟೆಯಲ್ಲಿ ಇನ್ನೂ ಇತ್ತು.

‘ಇನ್ನೂ ಹಿಂದೆ ಬಾ’ ಅಂದಳು ಮಗಳು, ಕಾಲು ಮಡಚಿ ಜಾಗ ಬಿಡುತ್ತಾ.